ಕ್ಯಾಮೆರಾ ಹಿಡಿದು ಕಾಡಿಗೆ ಹೊರಡುವ ಮುನ್ನ

ಬೇಸಿಗೆ ರಜೆ ಹತ್ತಿರ ಬಂತು. ಈ ಸಲ ಎಲ್ಲಿಗೆ ಹೋಗೋಣ ಎಂಬ ಮಾತು ನಿಮ್ಮ ಮನೆಯಲ್ಲೂ ಶುರುವಾಗಿರಬಹುದು. ಧರ್ಮಸ್ಥಳ ಆಯಿತು, ಊಟಿ ಆಯಿತು, ನೆಂಟರ ಮನೆಯಂತೂ ಇದ್ದೇ ಇದೆ. "ಒಂದು ಸಲ ಕಾಡಿಗೆ ಹೋಗಿ ಪ್ರಾಣಿ, ಪಕ್ಷಿಗಳ ಫೋಟೋ ತೆಗೆದುಕೊಂಡು ಬರೋಣ" ಅಂತ ಮಕ್ಕಳು ಹಟ ಹಿಡಿದಿರಬಹುದು. ಅಥವಾ ಮಕ್ಕಳ ನೆಪದಲ್ಲಿ ಆ ಆಸೆ ನಿಮ್ಮದೇ ಇರಬಹುದು. ಇದ್ದರೆ ಸಂಕೋಚವೇಕೆ? ನನಗೂ ಇತ್ತು.

ಈಗ "ಫೋಟೋ ಸಫಾರಿ" ಎಂದು ಕರೆದುಕೊಂಡು ಹೋಗುವವರು ಬೇಕಾದಷ್ಟು ಜನ ಇದ್ದಾರೆ. ಎರಡು ದಿನ, ಮೂರು ಸಫಾರಿ, ಜೊತೆಗೆ ಕ್ಯಾಮೆರಾ ಹೇಳಿಕೊಡಲು ಒಬ್ಬ ಗುರು, ಊಟ, ವಸತಿ ಎಲ್ಲವೂ ಸೇರಿ ಇಷ್ಟು ಸಾವಿರ ಎನ್ನುತ್ತಾರೆ. ಸೀರೆ ಕೊಳ್ಳುವಾಗ ಅಂಚು ಸೆರಗು ಬಿಡಿಸಿ ನೋಡುವ ನಾವು, ಇಲ್ಲಿ ಮಾತ್ರ ಹುಲಿಯ ಚಿತ್ರ ನೋಡಿದ ಕೂಡಲೆ ಮುಂಗಡ ಕಟ್ಟಿಬಿಡುತ್ತೇವೆ. ನಾನೂ ಹಾಗೇ ಕಟ್ಟಿದವಳು. ಒಂದು ಸಲ ಕೆಟ್ಟು, ಇನ್ನೊಂದು ಸಲ ಕಲಿತೆ. ಆ ಎರಡನ್ನೂ ನಿಮ್ಮ ಮುಂದೆ ಇಡುತ್ತೇನೆ.

ಕಬ್ಬಿನ ಗದ್ದೆಯ ಊರಿನಿಂದ

ನಮ್ಮದು ಮಂಡ್ಯಕ್ಕೆ ಹತ್ತಿರದ ಹೊಳಲು. ವಿಶ್ವೇಶ್ವರಯ್ಯ ನಾಲೆಯ ನೀರು ಕಂಡ ಸೀಮೆ. ಕಬ್ಬು, ಭತ್ತ, ಅಂಚಿನಲ್ಲಿ ತೆಂಗು. ಉಳುಮೆಯ ದಿನ ಟ್ರ್ಯಾಕ್ಟರಿನ ಹಿಂದೆ ಬೆಳ್ಳಕ್ಕಿಗಳು ಮದುವೆ ಮನೆಯ ಮಕ್ಕಳ ಹಾಗೆ ಸಾಲುಗಟ್ಟಿ ಬರುತ್ತವೆ. ನಾಲೆಯ ಮೇಲಿನ ತಂತಿಯಲ್ಲಿ ಮಿಂಚುಳ್ಳಿ ಕೂತಿರುತ್ತದೆ. ಮಗಳು ಕಾಲೇಜಿಗೆ ಅಂತ ಹಾಸ್ಟೆಲು ಸೇರಿದ ವರ್ಷ, ನನ್ನ ತಮ್ಮ ಹೊಸ ಕ್ಯಾಮೆರಾ ಕೊಂಡು ಹಳೆಯದನ್ನು ನನಗೆ ಕೊಟ್ಟ. "ಅಕ್ಕ, ಸುಮ್ಮನೆ ಕೂತು ಬೇಜಾರು ಮಾಡ್ಕೋಬೇಡ, ಇದ್ರಲ್ಲಿ ಏನಾದ್ರೂ ತೆಗಿ" ಅಂದ. ಬೆಳಿಗ್ಗೆ ಹಾಲು ಡೈರಿಗೆ ಹಾಕಿ ಬರುವಾಗ ನಾಲೆ ಏರಿಯ ಮೇಲೆ ನಿಂತು ಬೆಳ್ಳಕ್ಕಿ ತೆಗೆಯುವುದು ಹೀಗೆ ಶುರುವಾಯಿತು. ನೋಡುವವರು ನಕ್ಕರು, ಆಮೇಲೆ ಅಭ್ಯಾಸವಾಗಿ ಸುಮ್ಮನಾದರು.

ಬೆಳ್ಳಕ್ಕಿ ಆದ ಮೇಲೆ ಮನಸ್ಸು ಚಿರತೆಗೆ ಹಾರಿತು! ಕಾಡಿಗೆ ಹೋಗಿ ಚಿರತೆಯ ಫೋಟೋ ತೆಗೆಯಬೇಕು ಅಂತ ಮನೆಯಲ್ಲಿ ಹೇಳಿದಾಗ ನಮ್ಮತ್ತೆ ಕೈಯಲ್ಲಿದ್ದ ಮೊರ ಕೆಳಗಿಟ್ಟರು. "ಅಯ್ಯೋ ನಿನ್ನ, ಕಾಸು ಕೊಟ್ಟು ಚಿರತೆ ನೋಡಕ್ ಹೋಯ್ತೀಯೇನಮ್ಮಿ? ಅದು ಬರ್ದೇ ಇರ್ಲಿ ಅಂತ ನಾವು ದೇವ್ರಿಗೆ ಹರಕೆ ಕಟ್ಕೊಂಡಿದ್ವಲ್ಲ!"

ಅವರ ಮಾತಿನಲ್ಲಿ ನಿಜವಿತ್ತು. ಮಂಡ್ಯ ಜಿಲ್ಲೆಯವರಿಗೆ ಚಿರತೆ ಹೊಸದಲ್ಲ. ಆಳೆತ್ತರದ ಕಬ್ಬು ಅದಕ್ಕೆ ಒಳ್ಳೆಯ ಮರೆ. ಹೆಣ್ಣು ಚಿರತೆ ಅಲ್ಲೇ ಮರಿ ಹಾಕುತ್ತದೆ. ಕಬ್ಬು ಕಡಿಯಲು ಇಳಿದವರ ಕಾಲ ಬುಡದಲ್ಲಿ ಮರಿಗಳು ಸಿಕ್ಕ ಸುದ್ದಿ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ. ಮಹಾರಾಷ್ಟ್ರದ ಅಕೋಲೆಯ ಕಬ್ಬಿನ ಸೀಮೆಯಲ್ಲಿ ಇದನ್ನೇ ವರ್ಷಗಟ್ಟಲೆ ಅಭ್ಯಾಸ ಮಾಡಿದವರು ವಿದ್ಯಾ ಆತ್ರೇಯ ಎಂಬ ಮಹಿಳಾ ವಿಜ್ಞಾನಿ. ಚಿರತೆಗಳು ದಾರಿ ತಪ್ಪಿ ಊರಿಗೆ ಬಂದವಲ್ಲ, ಜನರ ನಡುವೆಯೇ ಸದ್ದಿಲ್ಲದೆ ಬಾಳುತ್ತಿವೆ ಎಂದು ಅವರ ಕೆಲಸ ತೋರಿಸಿಕೊಟ್ಟಿತು. ನಮ್ಮತ್ತೆಗೆ ಆ ವಿಜ್ಞಾನಿಯ ಹೆಸರು ಗೊತ್ತಿಲ್ಲ. ಆದರೆ ಒಂದು ಸಂಜೆ ಹುಲ್ಲು ಕುಯ್ಯುವಾಗ ಹತ್ತು ಮಾರು ದೂರದಲ್ಲಿ ಅದು ಕೂತು ತಮ್ಮನ್ನೇ ನೋಡುತ್ತಿದ್ದುದು ಗೊತ್ತು. ಕುಡುಗೋಲು ಬಿಟ್ಟು ಓಡಿ ಬಂದವರು ಆ ಗದ್ದೆಗೆ ಒಬ್ಬರೇ ಮತ್ತೆ ಹೋಗಲಿಲ್ಲ.

ಆದರೂ ನಾನು ಹಟ ಬಿಡಲಿಲ್ಲ. ಹಾಲಿನ ಬಟವಾಡೆಯಲ್ಲಿ ಕೂಡಿಟ್ಟ ದುಡ್ಡನ್ನೆಲ್ಲ ಕೊಟ್ಟು ಹೊರಟೆ.

ಮೊದಲ ಸಲದ ಪಾಠ

ಕರೆದುಕೊಂಡು ಹೋದವರ ಹೆಸರು ಬೇಡ, ಕಾಡಿನ ಹೆಸರೂ ಬೇಡ. ಜಾಹೀರಾತಿನಲ್ಲಿ "ಚಿರತೆ, ಹುಲಿ ಖಚಿತ" ಎಂದಿತ್ತು. ಆ "ಖಚಿತ" ಎಂಬ ಪದ ಕಂಡಾಗಲೇ ನಾನು ಎಚ್ಚರವಾಗಬೇಕಿತ್ತು. ಕಾಡಿನ ಪ್ರಾಣಿಯನ್ನು ಖಚಿತವಾಗಿ ತೋರಿಸುತ್ತೇನೆ ಎನ್ನುವವನು ಒಂದೋ ಸುಳ್ಳು ಹೇಳುತ್ತಾನೆ, ಇಲ್ಲವೇ ಮಾಡಬಾರದ್ದನ್ನು ಮಾಡುತ್ತಾನೆ.

ಆರು ಜನ ಎಂದಿದ್ದವರು ಒಂದು ಜೀಪಿಗೆ ಎಂಟು ಜನರನ್ನು ತುಂಬಿದರು. ದೊಡ್ಡ ದೊಡ್ಡ ಲೆನ್ಸಿನವರು ಎರಡೂ ಬದಿ ಹಿಡಿದರು. ನನಗೆ ಸಿಕ್ಕಿದ್ದು ನಡುವಿನ ಸೀಟು. ಎರಡನೆಯ ದಿನ ಬೆಳಿಗ್ಗೆ, ದಾರಿಯಿಂದ ಸ್ವಲ್ಪ ಒಳಗೆ, ಒಂದು ಹೆಣ್ಣು ಚಿರತೆ ಕಾಣಿಸಿತು. ಹಿಂದೆ ಪೊದೆಯಲ್ಲಿ ಒಂದು ಮರಿಯೂ ಇತ್ತು. ಕ್ಷಣದಲ್ಲಿ ಆರೇಳು ಜೀಪು ಸುತ್ತಿಕೊಂಡವು. ಚಿರತೆ ಮುಖ ಆ ಕಡೆ ಮಾಡಿಕೊಂಡಿತ್ತು. "ಇಲ್ನೋಡಿಸ್ತೀನಿ ಇರಿ" ಅಂತ ನಮ್ಮ ಗೈಡು ಜೀಪಿನ ಬಾಗಿಲನ್ನು ಅಂಗೈಯಿಂದ ಪಟಪಟ ಬಡಿದ. ಅದು ತಿರುಗಿತು. ಎಲ್ಲ ಕ್ಯಾಮೆರಾಗಳೂ ಒಟ್ಟಿಗೆ ಸದ್ದು ಮಾಡಿದವು. ನಡುವಿನ ಸೀಟಿನಿಂದಲೇ ನನಗೂ ಒಂದು ಚಿತ್ರ ಸಿಕ್ಕಿತು. ತಾಯಿ ಒಂದು ದಿಕ್ಕಿಗೆ ಹಾರಿತು, ಮರಿ ಇನ್ನೊಂದು ದಿಕ್ಕಿಗೆ. ಅವೆರಡೂ ಮತ್ತೆ ಸೇರಿದವೋ ಇಲ್ಲವೋ ನೋಡಲು ಯಾರೂ ನಿಲ್ಲಲಿಲ್ಲ, ತಿಂಡಿಗೆ ಹೊತ್ತಾಗಿತ್ತು.

ಊರಿಗೆ ಬಂದು ಆ ಚಿತ್ರವನ್ನು ನಮ್ಮತ್ತೆಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಭಯಪಡುತ್ತಾರೆ ಎಂದುಕೊಂಡಿದ್ದೆ. ಅವರು ಹೇಳಿದ್ದೇ ಬೇರೆ: "ಇದ್ಯಾಕಮ್ಮಿ, ಇದೇ ಹೆದ್ರಿಕೊಂಡಂಗದೆ?"

ಹೌದು, ಕಿವಿ ಹಿಂದಕ್ಕೆ ಮಡಚಿ, ಮೈ ಕುಗ್ಗಿಸಿ ಕೂತಿತ್ತು. ನಾನು ತೆಗೆಯುವಾಗ ಅದು ಕಂಡಿರಲಿಲ್ಲ. ಆ ಚಿತ್ರವನ್ನು ಇವತ್ತಿಗೂ ಗೋಡೆಗೆ ಹಾಕಿಲ್ಲ.

ದುಡ್ಡು ಕಟ್ಟುವ ಮೊದಲು ಕೇಳಬೇಕಾದ್ದು

ಎರಡನೆಯ ಸಲ ಹೊರಡುವ ಮುಂಚೆ ಒಂದು ನೋಟ್‌ಬುಕ್ಕಿನಲ್ಲಿ ಪ್ರಶ್ನೆ ಬರೆದುಕೊಂಡೆ. ಫೋನು ಮಾಡಿ ಒಂದೊಂದಾಗಿ ಕೇಳಿದೆ. ಸರಿಯಾಗಿ ಉತ್ತರ ಕೊಟ್ಟವರು ಕೆಲವರು, "ಬಂದ್ಮೇಲೆ ನೋಡ್ಕೊಳೋಣ ಮೇಡಂ" ಅಂದವರು ಹಲವರು. ನೀವೂ ಕೇಳಿ. ಕೇಳುವುದಕ್ಕೆ ದುಡ್ಡಿಲ್ಲ.

ಮೊದಲನೆಯದು, ವಾಹನದಲ್ಲಿ ಎಷ್ಟು ಜನ, ನನ್ನ ಸೀಟು ಯಾವುದು? ಫೋಟೋಗೆಂದೇ ಹೋಗುವುದಾದರೆ ಸಾಲಿಗೆ ಇಬ್ಬರಿಗಿಂತ ಹೆಚ್ಚು ಇರಬಾರದು, ಸೀಟು ಪ್ರತಿ ಸುತ್ತಿಗೂ ಬದಲಾಗಬೇಕು. ಅರಣ್ಯ ಇಲಾಖೆಯ ಬಸ್ಸು, ಕ್ಯಾಂಟರಿನಲ್ಲಿ ಟಿಕೆಟ್ಟು ಕಡಿಮೆ. ನೋಡಲು ಅದು ಸಾಕು, ಆದರೆ ಕಿಟಕಿ ಸಿಗದಿದ್ದರೆ ಚಿತ್ರ ಕಷ್ಟ. ಜೀಪಿಗೆ ದುಡ್ಡು ಹೆಚ್ಚು, ಅನುಕೂಲವೂ ಹೆಚ್ಚು.

ಎರಡನೆಯದು, "ಎಲ್ಲ ಸೇರಿ" ಎಂದರೆ ಏನೇನು ಸೇರಿದೆ? ಪ್ರವೇಶ ಶುಲ್ಕ ಬೇರೆ, ವಾಹನದ್ದು ಬೇರೆ, ಕ್ಯಾಮೆರಾದ್ದು ಬೇರೆ ಇರುತ್ತದೆ. ಕ್ಯಾಮೆರಾ ಶುಲ್ಕವನ್ನು ನಮ್ಮ ಅಭಯಾರಣ್ಯಗಳಲ್ಲಿ ಲೆನ್ಸಿನ ಉದ್ದ ನೋಡಿ ಹಾಕುತ್ತಾರೆ, 200 ಮಿ.ಮೀ. ದಾಟಿದರೆ ಜಾಸ್ತಿ. ಗೇಟಿನಲ್ಲಿ ಪರ್ಸು ತೆಗೆಯುವ ಪರದಾಟ ಬೇಡ, ಮೊದಲೇ ಬರೆಸಿಕೊಳ್ಳಿ.

ಮೂರನೆಯದು, ಸಫಾರಿ ನಿಂತುಹೋದರೆ ಹಣ ವಾಪಸ್ಸು ಉಂಟೇ? ಇದನ್ನು ತಮಾಷೆ ಎಂದುಕೊಳ್ಳಬೇಡಿ. 2025ರಲ್ಲಿ ಕಾಡಂಚಿನ ಹಳ್ಳಿಗಳಲ್ಲಿ ಹುಲಿ ದಾಳಿಗೆ ಜನ ಪ್ರಾಣ ಕಳೆದುಕೊಂಡರು. ಆ ನವೆಂಬರಿನಲ್ಲಿ ಬಂಡೀಪುರ, ನಾಗರಹೊಳೆ ಎರಡರಲ್ಲೂ ಸಫಾರಿಯನ್ನೇ ಸರ್ಕಾರ ನಿಲ್ಲಿಸಿತು. ಹೊಲಕ್ಕೆ ಹೋದ ಗಂಡನೋ ಮಗನೋ ಮನೆಗೆ ಬಾರದ ಊರಿನ ಪಕ್ಕದಲ್ಲಿ ನಾವು ಕ್ಯಾಮೆರಾ ಹಿಡಿದು ಓಡಾಡುವುದು ಶೋಭೆಯೂ ಅಲ್ಲ. ಹೊರಡುವ ವಾರ ಇಲಾಖೆಯಿಂದಲೇ ತೆರೆದಿದೆಯೇ ಎಂದು ವಿಚಾರಿಸಿ.

ನಾಲ್ಕನೆಯದು, ಪ್ರಾಣಿ ಕಾಣದಿದ್ದರೆ ಏನು ಮಾಡುತ್ತೀರಿ? ಉತ್ತಮವಾದ ಗೈಡು "ಹಕ್ಕಿ ತೋರಿಸ್ತೀನಿ, ಹೆಜ್ಜೆಗುರುತು ತೋರಿಸ್ತೀನಿ, ಕಾಯೋಣ" ಅನ್ನುತ್ತಾನೆ. ಕೃಪಾಕರ ಮತ್ತು ಸೇನಾನಿ ಸೀಳುನಾಯಿಗಳ ಬದುಕನ್ನು ಸೆರೆಹಿಡಿಯಲು ಎಷ್ಟೋ ವರ್ಷ ಕಾಡಿನಲ್ಲಿ ಕಳೆದರು. ನಮಗೆ ಎರಡು ದಿನದಲ್ಲಿ ಎಲ್ಲವೂ ಬೇಕು ಎಂದರೆ ಹೇಗೆ?

ಐದನೆಯದು, ಹಕ್ಕಿಯ ಕೂಗನ್ನು ಫೋನಿನಲ್ಲಿ ಹಾಕಿ ಕರೆಯುತ್ತೀರಾ? ಆಹಾರ ಇಟ್ಟು ಕರೆಯುತ್ತೀರಾ? ಗೂಡಿನ ಹತ್ತಿರ ಕರೆದೊಯ್ಯುತ್ತೀರಾ? ಈ ಮೂರರಲ್ಲಿ ಒಂದಕ್ಕಾದರೂ ಹೆಮ್ಮೆಯಿಂದ "ಹೌದು" ಅಂದರೆ ಅಲ್ಲಿಗೇ ಫೋನು ಇಟ್ಟುಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇರುವುದು ಬೇಟೆಗಾರರಿಗೆ ಮಾತ್ರವಲ್ಲ. ಅಭಯಾರಣ್ಯದಲ್ಲಿ ಪ್ರಾಣಿಯನ್ನು ಕೆಣಕುವುದೂ ತಪ್ಪೇ.

ಆರನೆಯದು ನಮ್ಮ ಹೆಂಗಸರ ಪ್ರಶ್ನೆ. ಮೂರು ಗಂಟೆಯ ಸಫಾರಿಯಲ್ಲಿ ಶೌಚಾಲಯ ಎಲ್ಲಿ? ಕಾಡಿನೊಳಗೆ ಇಳಿಯುವಂತಿಲ್ಲ. ಎಷ್ಟೋ ಜನ ನೀರು ಕುಡಿಯುವುದನ್ನೇ ಬಿಟ್ಟು ತಲೆನೋವು ಮಾಡಿಕೊಳ್ಳುತ್ತಾರೆ. ಹೊರಡುವ ಜಾಗದಲ್ಲಿ ಚೊಕ್ಕಟವಾದ ಶೌಚಾಲಯ ಇದೆಯೇ, ಮುಟ್ಟಿನ ದಿನವಾದರೆ ಸುತ್ತನ್ನು ಮುಂದಕ್ಕೆ ಹಾಕಿಕೊಡುತ್ತಾರೆಯೇ, ಒಬ್ಬಳೇ ಬಂದರೆ ಕೋಣೆಯಲ್ಲಿ ಜೊತೆಗೆ ಯಾರಿರುತ್ತಾರೆ, ತಂಡದಲ್ಲಿ ಇನ್ನೆಷ್ಟು ಹೆಂಗಸರಿದ್ದಾರೆ ಎಂಬುದನ್ನೆಲ್ಲ ನಾಚಿಕೆಯಿಲ್ಲದೆ ಕೇಳಿ. ನಾಚಿಕೊಂಡರೆ ಕಷ್ಟ ನಮಗೇ.

ಕೊನೆಯದು, ಗೈಡು ಆ ಊರಿನವನೇ? ಊರಿನವನಾದರೆ ನೀವು ಕೊಟ್ಟ ದುಡ್ಡು ಆ ಹಕ್ಕಿ, ಆ ಮರ ಕಾಯುವ ಮನೆಗೇ ಸೇರುತ್ತದೆ. ಮುಖ್ಯವಾಗಿ, ನಾಳೆಯೂ ಆ ಪ್ರಾಣಿ ಅಲ್ಲೇ ಇರಬೇಕು ಎಂಬ ಆಸೆ ಅವನಿಗಿರುತ್ತದೆ.

ಮೊದಲು ನಮ್ಮ ಮಗ್ಗುಲಲ್ಲೇ

ಇಷ್ಟೆಲ್ಲ ಕೇಳಿ ನಾನು ಆರಿಸಿಕೊಂಡದ್ದು ಎಲ್ಲಿಗೆ ಗೊತ್ತೇ? ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ! ಮನೆಯಿಂದ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸ್ಸು ಬರುವಷ್ಟು ಹತ್ತಿರ. ಈ ಸಲ ನಮ್ಮತ್ತೆಯೂ "ನಾನೂ ಬತ್ತೀನಿ, ಅದೇನ್ ಮಾಡ್ತೀಯೋ ನೋಡ್ತೀನಿ" ಅಂತ ಹೊರಟರು.

ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯಲ್ಲಿ ಮದ್ದೂರು ದಾಟಿ ಚನ್ನಪಟ್ಟಣದ ಕಡೆ ಹೋಗುವಾಗ ರುದ್ರಾಕ್ಷಿಪುರದ ಹತ್ತಿರ ಒಳಗೆ ತಿರುಗಿದರೆ ಸುಮಾರು 12 ಕಿ.ಮೀ. ಹತ್ತಿರದಲ್ಲೇ ಶಿಂಷಾ ನದಿ. ಇಲ್ಲಿ ಕಾಡಿಲ್ಲ, ಬೇಲಿಯಿಲ್ಲ. ಮನೆ, ಹಟ್ಟಿ, ತಿಪ್ಪೆ, ನಡುವೆ ಹುಣಸೆ ಮರಗಳು. ಆ ಹುಣಸೆಯ ಮೇಲೆ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳ ಸಂಸಾರ. ಚಳಿಗಾಲದಲ್ಲಿ ಬಂದು, ಗೂಡು ಕಟ್ಟಿ, ಮರಿ ಮಾಡಿ, ಮಳೆ ಹಿಡಿಯುವ ಹೊತ್ತಿಗೆ ಮರಿಗಳೊಡನೆ ಹೊರಟುಹೋಗುತ್ತವೆ. ಊರಿನವರು ಇವನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅನ್ನುತ್ತಾರೆ. ಹಕ್ಕಿ ಬಂದರೆ ಊರಿಗೆ ಮಳೆ ಬೆಳೆ ಎಂಬ ನಂಬಿಕೆ. ಮರದ ಕೆಳಗೆ ಬಿದ್ದ ಹಿಕ್ಕೆ ಗದ್ದೆಗೆ ಒಳ್ಳೆಯ ಗೊಬ್ಬರ.

ಹೊರಜಗತ್ತಿಗೆ ಈ ಊರಿನ ಹೆಜ್ಜಾರ್ಲೆಗಳ ವಿಷಯ ತಿಳಿಸಿದವರಲ್ಲಿ ಮುಖ್ಯರು ಅರಣ್ಯಾಧಿಕಾರಿಯಾಗಿದ್ದ ಎಸ್. ಜಿ. ನೇಗಿನಹಾಳ. ಅವರು 1970ರ ದಶಕದಲ್ಲಿ ಇಲ್ಲಿಯದನ್ನು ದಾಖಲಿಸಿದರು. ಹಕ್ಕಿ ಕೂತ ಮರದ ಹುಣಸೆ ಹಣ್ಣು ಕೈಗೆ ಸಿಗುವುದಿಲ್ಲ, ಅದು ರೈತನಿಗೆ ನಷ್ಟ. ಅದಕ್ಕೆ ಇಲಾಖೆ ಮರದ ಒಡೆಯರಿಗೆ ಪರಿಹಾರ ಕೊಡುವ ಏರ್ಪಾಡು ಮಾಡಿತು. ಊರಿನ ಯುವಕರು ಸೇರಿದ "ಹೆಜ್ಜಾರ್ಲೆ ಬಳಗ" ಗೂಡಿನಿಂದ ಬಿದ್ದ ಮರಿಗಳನ್ನು ಆರಿಸಿ ತಂದು, ಬೇಲಿ ಕಟ್ಟಿದ ಆವರಣದಲ್ಲಿಟ್ಟು, ಮೀನು ತಿನ್ನಿಸಿ, ಹಾರುವಂತಾದ ಮೇಲೆ ಬಿಡುವ ಕೆಲಸ ಮಾಡಿತು. 2007ರಲ್ಲಿ ಇದನ್ನು ಸಮುದಾಯ ಮೀಸಲು ಪ್ರದೇಶ ಎಂದು ಸರ್ಕಾರ ಘೋಷಿಸಿತು. ಅಂದರೆ ಊರಿನವರೇ ಕಾವಲುಗಾರರು.

ನಮಗೆ ಸಿಕ್ಕ ಗೈಡು ಆ ಊರಿನದೇ ಹುಡುಗ. ಮರದಿಂದ ದೂರದಲ್ಲಿ, ಒಂದು ಮನೆಯ ತಾರಸಿಯ ಮೇಲೆ ನಿಲ್ಲಿಸಿದ. ಗೂಡುಗಳು ನಮ್ಮ ಕಣ್ಣಿನ ಮಟ್ಟಕ್ಕೇ ಬಂದವು. ಬೆಳಗಿನ ಏಳೂವರೆ, ಬಿಸಿಲು ಇನ್ನೂ ಹಳದಿ. ಹೆಜ್ಜಾರ್ಲೆಯ ಮರಿ ತಾಯಿಯ ಕೊಕ್ಕಿನ ಚೀಲದೊಳಗೆ ತಲೆಯಿಡೀ ತೂರಿಸಿ ಮೀನು ತಿನ್ನುವುದನ್ನು ಅಷ್ಟು ಹತ್ತಿರದಿಂದ ನೋಡಿ ನಮ್ಮತ್ತೆ ಬಾಯಿ ಮೇಲೆ ಸೆರಗು ಇಟ್ಟುಕೊಂಡರು.

ಆದರೆ ಒಂದು ಟೊಂಗೆ ಅಡ್ಡ ಇತ್ತು. ನಾಲ್ಕು ಹೆಜ್ಜೆ ಮುಂದೆ, ತಾರಸಿಯ ತುದಿಗೆ ಹೋದರೆ ಅಡ್ಡವಿಲ್ಲದ ಚಿತ್ರ ಸಿಗುತ್ತಿತ್ತು. ಕಾಲು ಎತ್ತಿಯೂ ಬಿಟ್ಟೆ. "ಬೇಡಕ್ಕ" ಅಂದ ಹುಡುಗ. "ತಾಯಿ ಎದ್ರೆ ಮರಿ ಮೇಲೆ ನೇರ ಬಿಸಿಲು ಬೀಳ್ತದೆ. ಕಾಗೆ, ಹದ್ದು ಕಾಯ್ತಾ ಇರ್ತವೆ. ಗಾಬರಿಯಾಗಿ ಮರಿ ಕೆಳಗೆ ಬಿದ್ರೆ ಎಲ್ಲವೂ ಉಳಿಯಲ್ಲ." ದುಡ್ಡು ಕೊಟ್ಟು ಬಂದವಳಿಗೆ ಬೇಡ ಅನ್ನುವ ಗೈಡನ್ನು ನಾನು ಅವತ್ತೇ ಮೊದಲು ಕಂಡದ್ದು. ಒಂದು ಕ್ಷಣ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಆಮೇಲೆ ಮಡಚಿದ ಕಿವಿಯ ಆ ಚಿರತೆ ನೆನಪಾಯಿತು. ಹಿಂದಕ್ಕೆ ಬಂದು ನಿಂತೆ.

ಅಷ್ಟರಲ್ಲಿ ಬೇರೊಂದು ಕಾರಿನಲ್ಲಿ ಬಂದವರೊಬ್ಬರು, ಹಕ್ಕಿ ಹಾರುವ ಚಿತ್ರ ಬೇಕೆಂದು ಮರದ ಬುಡಕ್ಕೇ ಹೋಗಿ ಜೋರಾಗಿ ಚಪ್ಪಾಳೆ ತಟ್ಟಲು ಹೊರಟರು. ಹುಡುಗ ಮೆಟ್ಟಿಲು ಇಳಿಯುವುದರೊಳಗೆ ನಮ್ಮತ್ತೆ ತಾರಸಿಯ ಮೇಲಿಂದಲೇ ಕೂಗಿದರು: "ಏನಪ್ಪಾ, ನಿಮ್ಮನೇಲಿ ಬಾಣಂತಿ ಕ್ವಾಣೆಗೆ ಹಿಂಗೇ ನುಗ್ತೀರಾ?"

ಆ ಮನುಷ್ಯ ಕೈ ಇಳಿಸಿದರು. ಕೆಳಗೆ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಹೆಂಗಸರು ನಕ್ಕರು. ಆಮೇಲೆ ನಮ್ಮತ್ತೆ ಅವರ ಜೊತೆಯೇ ಕೂತುಬಿಟ್ಟರು. ಹಕ್ಕಿ ಸದ್ದಿಗೆ ರಾತ್ರಿ ನಿದ್ದೆ ಬರುತ್ತದೆಯೇ, ಮೀನಿನ ವಾಸನೆ ಹೇಗೆ ತಡೆಯುತ್ತೀರಿ, ಹುಣಸೆಹಣ್ಣು ಹೋದದ್ದಕ್ಕೆ ಕೊಡುವ ದುಡ್ಡು ಸಾಕೇ ಎಂದೆಲ್ಲ ಕೇಳಿದರು. ವಾಸನೆ ಇದೆ, ದುಡ್ಡು ಸಾಲದು, ಆದರೂ ಹಕ್ಕಿ ಬಾರದ ವರ್ಷ ಊರು ಬಿಕೋ ಅನ್ನುತ್ತದೆ ಎಂದರಂತೆ. ನಾನು ಮೂರು ಗಂಟೆಯಲ್ಲಿ ತಿಳಿಯದ್ದನ್ನು ಅವರು ಅರ್ಧ ಗಂಟೆಯಲ್ಲಿ ತಿಳಿದುಕೊಂಡು ಬಂದರು.

ನನ್ನ ಚಿತ್ರದಲ್ಲಿ ಟೊಂಗೆ ಅಡ್ಡ ಇದೆ. ಮರಿಯ ಒಂದು ಕಣ್ಣು, ತಾಯಿಯ ಕೊಕ್ಕು ಕಾಣುತ್ತದೆ. ಅದು ಗೋಡೆಯ ಮೇಲಿದೆ.

ಇನ್ನೂ ಎಲ್ಲಿಗೆ ಹೋಗಬಹುದು?

ರಂಗನತಿಟ್ಟು ಶ್ರೀರಂಗಪಟ್ಟಣದ ಪಕ್ಕದಲ್ಲಿದೆ. ಕಾವೇರಿಯ ನಡುಗಡ್ಡೆಗಳ ಈ ಜಾಗವನ್ನು, ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ, 1940ರಲ್ಲಿ ಮೈಸೂರು ಸಂಸ್ಥಾನ ಪಕ್ಷಿಧಾಮ ಮಾಡಿತು. 2022ರಲ್ಲಿ ಇದು ರಾಮ್ಸಾರ್ ಪಟ್ಟಿಗೆ ಸೇರಿತು. ಕರ್ನಾಟಕದಲ್ಲಿ ಆ ಗೌರವ ಪಡೆದ ಮೊದಲ ತಾಣ. ಇಲ್ಲಿ ಹುಟ್ಟು ಹಾಕುವ ದೋಣಿಯಲ್ಲಿ ಕರೆದೊಯ್ಯುತ್ತಾರೆ, ದೋಣಿ ನಡೆಸುವವರೇ ಗೈಡು. ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚದ ಕೊಕ್ಕು, ನೀರುಕಾಗೆ, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ ಎಲ್ಲವೂ ದೋಣಿಯಿಂದಲೇ ಕಾಣುತ್ತವೆ. ಫೋಟೋ ತೆಗೆಯುವವರು ಹೆಚ್ಚು ಹೊತ್ತಿನ ಬೇರೆ ದೋಣಿ ಕೇಳಿ. ಕನ್ನಂಬಾಡಿಯಿಂದ ನೀರು ಹೆಚ್ಚು ಬಿಟ್ಟಾಗ ದೋಣಿ ನಿಲ್ಲಿಸುತ್ತಾರೆ. ಮಳೆಗಾಲದಲ್ಲಿ ಮೊದಲೇ ವಿಚಾರಿಸಿ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಇದಕ್ಕಿಂತ ಸುಲಭದ ಜಾಗ ಇನ್ನೊಂದಿಲ್ಲ.

ಮಳವಳ್ಳಿ ತಾಲ್ಲೂಕಿನ ಭೀಮೇಶ್ವರಿ, ಮುತ್ತತ್ತಿಯ ಕಡೆ ಹೋದರೆ ಅದು ಕಾವೇರಿ ವನ್ಯಜೀವಿಧಾಮ, 1987ರಲ್ಲಿ ಆದದ್ದು. ಹೊಳೆ ದಂಡೆಯ ಮತ್ತಿ ಮರಗಳ ಮೇಲೆ ದೊಡ್ಡ ಅಳಿಲು, ನೀರಿನಲ್ಲಿ ನೀರುನಾಯಿ, ಮೊಸಳೆ. ಅದೃಷ್ಟವಿದ್ದರೆ ಸಂಜೆ ನೀರಿಗಿಳಿಯುವ ಆನೆ. ಇಲ್ಲಿ ಓಡುವ ಜೀಪಿಗಿಂತ ಒಂದೆಡೆ ಕೂರುವುದೇ ಲಾಭ. ಹೊಳೆಗೆ ಮಾತ್ರ ಇಳಿಯಬೇಡಿ, ಸುಳಿಯೂ ಇದೆ, ಮೊಸಳೆಯೂ ಇದೆ.

ಇನ್ನು ದೊಡ್ಡ ಕಾಡೇ ಬೇಕೆಂದರೆ ಕಬಿನಿ ಇದೆ. ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ 1980ರಲ್ಲಿ ಶುರುವಾಯಿತು. ಅದರ ಹೆಸರು ಬೆಳೆದದ್ದೇ ಕಬಿನಿಯಲ್ಲಿ. ಬೇಸಿಗೆಯಲ್ಲಿ ಒಳಗಿನ ಕೆರೆಗಳು ಬತ್ತಿದಾಗ ಆನೆಗಳ ಹಿಂಡು ಹಿನ್ನೀರಿನ ಹುಲ್ಲಿಗೆ ಬರುವುದನ್ನು ದೋಣಿಯಿಂದಲೂ ನೋಡಬಹುದು. ಖರ್ಚು ಹೆಚ್ಚು. ನಾನಾದರೆ ಕೊಕ್ಕರೆ ಬೆಳ್ಳೂರು, ರಂಗನತಿಟ್ಟಿನಲ್ಲಿ ಕೈ ಪಳಗಿಸಿಕೊಂಡು ಆಮೇಲೆ ಅಲ್ಲಿಗೆ ಹೋಗಿ ಅನ್ನುತ್ತೇನೆ. ಅಡುಗೆ ಕಲಿಯುವವರು ಮೊದಲು ಅನ್ನ ಸಾರು ಮಾಡುವುದಿಲ್ಲವೇ, ಹಾಗೆ.

ಚೀಲದಲ್ಲಿ ಏನಿರಬೇಕು?

ಜೀಪಿನಲ್ಲಿ ಸ್ಟ್ಯಾಂಡು ಇಡಲು ಜಾಗವಿರುವುದಿಲ್ಲ. ಹಳೆಯ ಜೀನ್ಸಿನ ಕಾಲನ್ನು ಮೊಳದುದ್ದ ಕತ್ತರಿಸಿ, ಒಂದು ಬಾಯಿ ಹೊಲಿದು, ಹುರುಳಿ ಕಾಳು ಮುಕ್ಕಾಲು ಭಾಗ ತುಂಬಿ ಇನ್ನೊಂದು ಬಾಯಿಯನ್ನೂ ಹೊಲಿಯಿರಿ. ಜೀಪಿನ ಕಂಬಿಯ ಮೇಲೆ ಇಟ್ಟು ಅದರ ಮೇಲೆ ಲೆನ್ಸು ಊರಿದರೆ ಕೈ ನಡುಗುವುದಿಲ್ಲ. ಅಂಗಡಿಯಲ್ಲಿ ಇದಕ್ಕೇ ದುಬಾರಿ ಬೆಲೆ. ಬಂದ ಮೇಲೆ ಹುರುಳಿಯನ್ನು ಸಾರಿಗೂ ಹಾಕಬಹುದು!

ಬಿಳಿ ಹಕ್ಕಿ ತೆಗೆಯುವಾಗ ಬೆಳಕನ್ನು ಒಂದು ಚೂರು ಕಡಿಮೆ ಮಾಡಿ, ಇಲ್ಲದಿದ್ದರೆ ಗರಿಯ ಗೆರೆಗಳೆಲ್ಲ ಸುಣ್ಣ ಬಳಿದಂತೆ ಅಳಿಸಿಹೋಗುತ್ತವೆ. ಹಾರುವ ಹಕ್ಕಿಗೆ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ನಿಧಾನ ಬೇಡ. ಧೂಳಿಗೆ ಹಳೆಯ ನೂಲಿನ ಸೀರೆಯ ತುಂಡು ಹೊದಿಸಿ.

ಬಟ್ಟೆ ಮಣ್ಣಿನ ಬಣ್ಣದ್ದೋ ಮಾಸಲು ಹಸಿರಿನದೋ ಇರಲಿ. ಚೂಡಿದಾರ್ ಅನುಕೂಲ. ಸೀರೆಯೇ ಅಭ್ಯಾಸವಾದರೆ ಸೆರಗು ಸಿಕ್ಕಿಸಿಕೊಳ್ಳಿ. ಸೆಂಟು ಬೇಡ, ಗಾಜಿನ ಬಳೆ ಆ ಒಂದು ದಿನ ಬಿಚ್ಚಿಡಿ. ಬುತ್ತಿಗೆ ಚಕ್ಕುಲಿ, ನಿಪ್ಪಟ್ಟು ಬೇಡವೇ ಬೇಡ. ಕಾಡಿನ ನಿಶ್ಶಬ್ದದಲ್ಲಿ ಅದರ ಕಟಕಟ ಸದ್ದು ಎಷ್ಟು ದೊಡ್ಡದೆಂದು ತಿಂದವರಿಗೇ ಗೊತ್ತು. ಸಫಾರಿಗೆ ಮೊದಲು ಅಥವಾ ಆಮೇಲೆ ತಿನ್ನಲು ರಾಗಿ ಹುರಿಹಿಟ್ಟಿನ ಉಂಡೆ ಒಳ್ಳೆಯದು. ಹುರಿಹಿಟ್ಟಿಗೆ ಪುಡಿ ಮಾಡಿದ ಬೆಲ್ಲ, ಒಣಕೊಬ್ಬರಿ ತುರಿ, ಏಲಕ್ಕಿ ಸೇರಿಸಿ, ಬಿಸಿ ತುಪ್ಪ ಹಾಕಿ ಕಟ್ಟಿದರೆ ನಾಲ್ಕು ದಿನ ಕೆಡುವುದಿಲ್ಲ. ಗಾಡಿಯೊಳಗೆ ಮಾತ್ರ ಏನನ್ನೂ ಬಿಚ್ಚಬೇಡಿ. ಕಾಗದ, ಪ್ಲಾಸ್ಟಿಕ್ ಒಂದನ್ನೂ ಅಲ್ಲಿ ಬಿಸಾಡದೆ ಮನೆಗೇ ತನ್ನಿ.

ಮೊನ್ನೆ ಪಕ್ಕದ ಗದ್ದೆಯಲ್ಲಿ ಚಿರತೆಯ ಹೆಜ್ಜೆ ಕಂಡಿತು ಎಂದು ಊರಲ್ಲಿ ಸುದ್ದಿಯಾಯಿತು. ನಮ್ಮತ್ತೆ ಕರುವನ್ನು ಒಳಗೆ ಕಟ್ಟಿಸಿ ಕದ ಹಾಕಿದರು. "ಇರ್ಲಿ ಬುಡು, ಅದ್ಕೂ ಮರಿ ಇರ್ಬೈದು" ಅಂದರು. ನಾನು ಕ್ಯಾಮೆರಾ ಹೊರಗೆ ತೆಗೆಯಲಿಲ್ಲ.

ನೀವೂ ಹೋಗಿ ಬನ್ನಿ. ಮೊದಲು ನಿಮ್ಮ ಜಿಲ್ಲೆಯಲ್ಲೇ ಇಂಥ ಜಾಗ ಯಾವುದಿದೆ ನೋಡಿ, ಆ ಊರಿನವರನ್ನೇ ಗೈಡು ಮಾಡಿಕೊಳ್ಳಿ. ಮನೆಯಲ್ಲಿ ಅತ್ತೆಯೋ ಅಜ್ಜಿಯೋ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ.